ಮೊಹರು ಒಡೆದವರ ಪರವಾಗಿ

ಕಳೆದ ಡಿಸೆಂಬರಿನಲ್ಲಿ ತುಮಕೂರಿನಲ್ಲಿ ಬಂಧುಗಳ ಮನೆಯ ಒಂದು ನಿಶ್ಚಿತಾರ್ಥ. ಊಟ ಮುಗಿಸಿ ಗಂಡಸರೆಲ್ಲ ಶಾದಿಮಹಲಿನ ಹೊರಗೆ ನಿಂತಿದ್ದಾಗ ನಮ್ಮ ಆಪಾಳ ಮಗ ತನ್ನ ಕಾರನ್ನು ಹತ್ತಿರ ತಂದು ನಿಲ್ಲಿಸಿದ. ಕತ್ತಲಾಗಿತ್ತು. ಬಾಗಿಲು ತೆರೆದಾಗ ಒಳಗಿನ ಮೀಟರಿನ ಬೆಳಕು ಎಲ್ಲರ ಕಣ್ಣಿಗೂ ಬಿತ್ತು. ಆ ಕಾರುಗಳಿಗೆ ಕಂಪನಿಯವರು ಕೊಡುವುದು ಕೆಂಡದಂಥ ಕಿತ್ತಳೆ ಬಣ್ಣ. ಇವನದರಲ್ಲಿ ತೆಳುವಾದ ಬಿಳಿ, ಬೆಳದಿಂಗಳಿನ ಹಾಗೆ. ಎಲ್ಲಿ ಮಾಡಿಸಿದೆ ಎಂದು ಯಾರೋ ಕೇಳಿದರು. ಮಾಡಿಸಲಿಲ್ಲ, ಮನೆಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ನಾನೇ ಮಾಡಿದೆ ಎಂದ. ಹೇಳುವಾಗ ಅವನ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಒಳಗೆ ಬಗ್ಗಿ ನೋಡಿ ನಮ್ಮ ಕಡೆ ತಿರುಗಿದರು. "ಬಿ.ಕಾಂ. ಓದಿಸಿದ್ದು ಇದಕ್ಕೇನು? ಜೊತೆಗೆ ಒಂದು ಪಂಕ್ಚರ್ ಅಂಗಡಿಯನ್ನೂ ಹಾಕಿಕೊಟ್ಟುಬಿಡಿ" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಹುಡುಗ ಬಾಗಿಲು ಹಾಕಿಕೊಂಡು ಕಾರನ್ನು ದೂರ ತೆಗೆದುಕೊಂಡು ಹೋದ.

ಆ ನಗು ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ಪಂಕ್ಚರ್ ಹಾಕುವವರು ಎಂಬ ಮಾತನ್ನು ನಮ್ಮ ಮೇಲೆ ಎಸೆಯುವವರು ಬೇರೆಯೇ ಇದ್ದಾರೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಸಂಸದರೊಬ್ಬರ ಬಾಯಿಂದಲೇ ಅದು ಬಂತು. ಆಗ ಬರೆದೆವು, ಸಹಿ ಹಾಕಿದೆವು, ಶ್ರಮಕ್ಕೆ ಅವಮಾನವಾಯಿತು ಎಂದು ವೇದಿಕೆ ಹತ್ತಿ ಹೇಳಿದೆವು. ಅದೇ ಮಾತನ್ನು ನಮ್ಮ ಅಂಗಳದಲ್ಲಿ ನಮ್ಮವರೇ ಹೇಳಿದಾಗ ಅದು ಹಾಸ್ಯವಾಯಿತು! ಪಂಕ್ಚರ್ ಹಾಕುವುದರಲ್ಲಿ ಕೀಳೇನೂ ಇಲ್ಲ ಎಂದು ವೇದಿಕೆಯಲ್ಲಿ ಸಾರಿದ್ದನ್ನು ನಾವು ನಿಜವಾಗಿ ನಂಬಿದ್ದೆವೋ, ಅಥವಾ ಹೇಳಿದವನು ಹೊರಗಿನವನಾದ್ದರಿಂದ ಮಾತ್ರ ಸಿಟ್ಟಾಗಿದ್ದೆವೋ?

ಇರಲಿ. ಹುಡುಗ ಮಾಡಿದ್ದೇನು ಎಂಬುದನ್ನು ಮೊದಲು ನೋಡೋಣ. ನಕ್ಕವರಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ.

ಹಳೆಯ ಮಾರುತಿ 800ರಂಥ ಕಾರುಗಳಲ್ಲಿ ಮೀಟರಿನ ಹಿಂದೆ ಕಡಲೆಕಾಯಿ ಬೀಜದಷ್ಟು ಚಿಕ್ಕ ಬಲ್ಬುಗಳಿರುತ್ತಿದ್ದವು. ಸುಟ್ಟರೆ ತಿರುಗಿಸಿ ತೆಗೆದು ಹೊಸದು ಹಾಕಿದರೆ ಮುಗಿಯಿತು, ಬಣ್ಣ ಬೇಕೆಂದರೆ ಬಲ್ಬಿನ ಮೇಲೊಂದು ಬಣ್ಣದ ಟೋಪಿ. ಈಗಿನ ಕಾರುಗಳಲ್ಲಿ ಬಲ್ಬಿಲ್ಲ. ಸರ್ಕ್ಯೂಟ್ ಬೋರ್ಡಿನ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದಾದ ಎಲ್‌ಇಡಿಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುತ್ತಾರೆ. ಅಂಗಡಿಯಲ್ಲಿ 3528 ಎಂದು ಕೇಳಿದರೆ ಕೊಡುವ ಎಲ್‌ಇಡಿಯ ಉದ್ದ 3.5 ಮಿಲಿಮೀಟರ್, ಅಗಲ 2.8 ಮಿಲಿಮೀಟರ್, ಹೆಸರೇ ಅದರ ಅಳತೆ. ಬಣ್ಣ ಬದಲಾಗಬೇಕಾದರೆ ಅವುಗಳನ್ನು ಒಂದೊಂದಾಗಿ ಕಿತ್ತು, ಅದೇ ಜಾಗದಲ್ಲಿ ಬೇರೆಯವನ್ನು ಬೆಸೆಯಬೇಕು.

ಹುಡುಗ ನೇರವಾಗಿ ತನ್ನ ಕಾರಿಗೆ ಕೈ ಹಾಕಲಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಅಪಘಾತಕ್ಕೀಡಾದ ಕಾರೊಂದರ ಮೀಟರನ್ನು ತಂದು ಅದರ ಮೇಲೆ ಎರಡು ವಾರ ಕೈ ಪಳಗಿಸಿಕೊಂಡ. ಎಲ್‌ಇಡಿಗಳನ್ನು ಎಸ್.ಪಿ. ರಸ್ತೆಯಿಂದ ತಂದ. ಮೊದಲ ದಿನವೇ ಬೋರ್ಡಿನಿಂದ ತಾಮ್ರದ ಪಟ್ಟಿಯೊಂದು ಸಿಪ್ಪೆಯ ಹಾಗೆ ಎದ್ದು ಬಂತು. ಬಿಸಿಯಾದ ಕಡ್ಡಿಯನ್ನು ಒಂದೇ ಕಡೆ ಬಹಳ ಹೊತ್ತು ಒತ್ತಿ ಹಿಡಿದರೆ ಹಾಗಾಗುತ್ತದೆ, ಎರಡು ಮೂರು ಸೆಕೆಂಡಿನಲ್ಲಿ ಮುಗಿಯಬೇಕು. ಈಗ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಸುವುದು ಸೀಸವಿಲ್ಲದ ಸೋಲ್ಡರ್, ಅದು ಕರಗುವುದಕ್ಕೆ ಸುಮಾರು 217 ಡಿಗ್ರಿ ಬೇಕು. ಅಂಗಡಿಯಲ್ಲಿ ಸಿಗುವ ತವರ ಮತ್ತು ಸೀಸದ ತಂತಿ 183 ಡಿಗ್ರಿಗೇ ಕರಗುತ್ತದೆ. ಹಳೆಯ ಗಟ್ಟಿ ಬೆಸುಗೆಯ ಮೇಲೆ ಈ ಮೆತ್ತನೆಯದನ್ನು ಸ್ವಲ್ಪ ಸೇರಿಸಿದರೆ ಎರಡೂ ಬೆರೆತು ಬೇಗ ಸಡಿಲವಾಗುತ್ತದೆ. ಇದನ್ನು ಅವನಿಗೆ ಯಾವ ಕಾಲೇಜೂ ಹೇಳಿಕೊಟ್ಟಿಲ್ಲ, ಎದ್ದು ಬಂದ ತಾಮ್ರದ ಪಟ್ಟಿ ಹೇಳಿಕೊಟ್ಟಿತು.

ಇನ್ನು ಲೆಕ್ಕ. ಎಂಜಿನ್ ಓಡುವಾಗ ಕಾರಿನ ತಂತಿಯಲ್ಲಿ ಇರುವುದು 12 ವೋಲ್ಟ್ ಅಲ್ಲ, ಹೆಚ್ಚುಕಡಿಮೆ 14.4. ಅವನ ಬೋರ್ಡಿನಲ್ಲಿ ಮೂರು ಮೂರು ಎಲ್‌ಇಡಿಗಳ ಸಾಲು, ಸಾಲಿಗೊಂದು 420 ಓಮ್‌ನ ತಡೆ. ಕಿತ್ತಳೆ ಎಲ್‌ಇಡಿ ಒಂದಕ್ಕೆ 2 ವೋಲ್ಟ್ ಸಾಕು, ಮೂರಕ್ಕೆ 6. ಉಳಿದ 8.4 ವೋಲ್ಟ್ ತಡೆಯ ಮೇಲೆ ಬೀಳುತ್ತದೆ, 20 ಮಿಲಿ ಆಂಪಿಯರ್ ಹರಿಯುತ್ತದೆ. ಬಿಳಿಯದಕ್ಕೆ ತಲಾ 3.2 ವೋಲ್ಟ್ ಬೇಕು, ಮೂರಕ್ಕೆ 9.6. ಉಳಿಯುವುದು 4.8 ವೋಲ್ಟ್ ಮಾತ್ರ. ಅದೇ ತಡೆಯನ್ನು ಬಿಟ್ಟರೆ ಹರಿಯುವುದು 11 ಮಿಲಿ ಆಂಪಿಯರ್ ಚಿಲ್ಲರೆ. ಪ್ರಖರ ಬೆಳಕು ಬೇಕೆನ್ನುವವರು ತಡೆಯನ್ನು ಕಿತ್ತು ಚಿಕ್ಕದು ಹಾಕುತ್ತಾರೆ. ಇವನು ಹಾಕಲಿಲ್ಲ. "ರಾತ್ರಿ ಓಡಿಸುವಾಗ ನೋಡಬೇಕಾದದ್ದು ರಸ್ತೆ ಅಲ್ವಾ ಮಾಮೂ, ಮೀಟರ್ ಮಂದವಾಗಿದ್ದರೇ ಒಳ್ಳೆಯದು" ಎಂದ. ಡೆಬಿಟ್ಟು ಕ್ರೆಡಿಟ್ಟು ಓದಿದ ಹುಡುಗ ಓಮ್‌ನ ನಿಯಮವನ್ನು ಹೀಗೆ ಕಾಗದದ ಚೂರಿನ ಮೇಲೆ ಹಾಕಿ ತೋರಿಸಿದಾಗ ನಮಗೆ ಹತ್ತನೆಯ ತರಗತಿಯ ವಿಜ್ಞಾನ ಪರೀಕ್ಷೆ ನೆನಪಾಯಿತು. ಆ ನಿಯಮಕ್ಕೆ ನಾವು ಪೂರ್ತಿ ಅಂಕ ಪಡೆದಿದ್ದೆವು. ಅದು ಯಾವ ಕೆಲಸಕ್ಕೆ ಬರುತ್ತದೆಂಬುದು ಮಾತ್ರ ಮೂವತ್ತು ವರ್ಷ ಗೊತ್ತಿರಲಿಲ್ಲ.

ತಪ್ಪೂ ಆಯಿತು, ಮುಚ್ಚಿಡುವುದಿಲ್ಲ. ಬೋರ್ಡಿನ ಮುಖಕ್ಕೆ ತಲುಪಬೇಕಾದರೆ ಮುಳ್ಳುಗಳನ್ನು ಎಳೆದು ತೆಗೆಯಬೇಕು, ಮತ್ತೆ ಕೂರಿಸುವಾಗ ಮೊದಲಿನ ಗುರುತಿಗೇ ಕೂರಿಸಬೇಕು. ಪೆಟ್ರೋಲಿನ ಮುಳ್ಳನ್ನು ಅವನು ಒಂದು ಎಳೆ ಮೇಲೆ ಕೂರಿಸಿದ್ದ. ಒಂದು ಭಾನುವಾರ ನಮ್ಮ ಮನೆಯವರನ್ನೆಲ್ಲ ತುಂಬಿಕೊಂಡು ಬರುವಾಗ ಕ್ಯಾತ್ಸಂದ್ರದ ಹತ್ತಿರ ಕಾರು ಕೆಮ್ಮಿ ನಿಂತಿತು. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಪಕ್ಕದಲ್ಲೇ ಪೆಟ್ರೋಲ್ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ದೀಪ ಆಗಲೇ ಉರಿಯುತ್ತಿತ್ತು, ಆದರೆ ಅವನು ತನ್ನ ಕೈಯ ಕೆಲಸವನ್ನು ನಂಬಿ ದೀಪವನ್ನು ನಂಬಲಿಲ್ಲ. ಕ್ಯಾನು ಹಿಡಿದು ಬಂಕಿಗೆ ನಡೆದವರು ನಾವು! ಆ ರಾತ್ರಿಯೇ ಮೀಟರ್ ಬಿಚ್ಚಿ ಮುಳ್ಳನ್ನು ಸರಿಮಾಡಿದ. ತಾನು ಮಾಡಿದ ತಪ್ಪನ್ನು ತಾನೇ ಬಿಚ್ಚಿ ಸರಿಮಾಡುವುದನ್ನು ಕಲಿಸುವ ವಿದ್ಯೆ ನಮ್ಮ ಯಾವ ಪದವಿಯಲ್ಲಿದೆ?

ನಾವು ಚಿಕ್ಕವರಿದ್ದಾಗ ಬೀದಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ನೆಲದಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ, ತಾಮ್ರದ ಹಂಡೆಯನ್ನು ಕಾಯಿಸಿ ಒಳಗೆ ನವಸಾಗರ ಎರಚಿದರೆ ಗುಪ್ಪೆಂದು ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಒಮ್ಮೆ ಮುಟ್ಟಿಸಿ ಬಟ್ಟೆಯಿಂದ ಸುತ್ತಿ ಒರೆಸಿದರೆ ಕಪ್ಪು ಹಂಡೆ ಬೆಳ್ಳಿಯಾಗುತ್ತಿತ್ತು. ಹುಡುಗನ ಸೋಲ್ಡರಿನಲ್ಲಿ ಇರುವುದೂ ಅದೇ ತವರ. ಐರನ್ನಿನ ಮೂತಿ ಕಪ್ಪಾದರೆ ಉಜ್ಜುವುದಕ್ಕೆ ಇಂದಿಗೂ ನವಸಾಗರದ ಗಟ್ಟಿ ಸಿಗುತ್ತದೆ. ಲೋಹದ ಮೇಲಿನ ಕಿಲುಬನ್ನು ತಿಂದು ತವರ ಹಿಡಿಯುವ ಹಾಗೆ ಮಾಡುವುದೇ ಎರಡು ಕಡೆಯೂ ಅದರ ಕೆಲಸ. ಉರ್ದುವಿನಲ್ಲಿ ಬೆಸುಗೆಗೂ ಹೊಲಿಗೆಗೂ ಒಂದೇ ಮಾತು, ಟಾಂಕಾ. ಭಾಷೆಗೆ ಗೊತ್ತಿರುವುದು ಮನುಷ್ಯರಿಗೆ ಮರೆತುಹೋಗಿದೆ. ಕಲಾಯಿಯವರು ನಮ್ಮ ದೂರದ ಬಂಧುಗಳು ಎಂದು ಅಜ್ಜಿ ಹೇಳುತ್ತಿದ್ದಳು. ಅಬ್ಬಾ ಅದನ್ನು ನೆಂಟರ ಮುಂದೆ ಹೇಳಬೇಡವೆನ್ನುತ್ತಿದ್ದರು.

ಆದರೂ ಮಿಲಾದ್ ಸಭೆಗಳಲ್ಲಿ ನಮ್ಮ ಭಾಷಣಕಾರರಿಗೆ ಅಲ್-ಜಝರಿ ಬೇಕು. 1206ರಲ್ಲಿ ಯಂತ್ರಗಳ ಗ್ರಂಥ ಬರೆದ, ಆನೆಯ ಗಡಿಯಾರ ಕಟ್ಟಿದ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆತ ತಗಡು ಕತ್ತರಿಸಿ, ಅಚ್ಚು ಹೊಯ್ದು, ಬೆಸುಗೆ ಹಾಕಿದ ಕಸುಬಿನವನು, ತನ್ನ ಕೈಯಿಂದ ಮಾಡಿ ನೋಡಿದ್ದನ್ನು ಬರೆದವನು. ಇವತ್ತು ಆತ ಆ ಶಾದಿಮಹಲಿನ ಹೊರಗೆ ನಿಂತಿದ್ದರೆ ಪಂಕ್ಚರ್ ಅಂಗಡಿಯ ಮಾತು ಆತನಿಗೂ ತಪ್ಪುತ್ತಿರಲಿಲ್ಲ. 1937ರ ವಾರ್ಧಾ ಸಮ್ಮೇಳನದ ನಂತರ ಕೈಕಸುಬನ್ನೇ ನಡುವೆ ಇಟ್ಟುಕೊಂಡು ಶಾಲೆಯ ಪಾಠಕ್ರಮ ರೂಪಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಡಾ. ಝಾಕಿರ್ ಹುಸೇನ್. ಅವರ ಹೆಸರಿನಲ್ಲಿ ನಾವು ಕಟ್ಟಿದ ಶಾಲೆಗಳಲ್ಲಿ ಒಂದು ಸ್ಕ್ರೂ ಡ್ರೈವರ್ ಆದರೂ ಇದೆಯೇ? ನಮ್ಮ ಕಾಲದ ಹೈಸ್ಕೂಲಿನಲ್ಲಿ ಕಾರ್ಯಾನುಭವ ಎಂಬ ಒಂದು ಪೀರಿಯಡ್ಡು ಇತ್ತು. ಗಣಿತದ ಮೇಷ್ಟ್ರು ಬಂದು ಲೆಕ್ಕ ಹೇಳಿಕೊಡುತ್ತಿದ್ದರು.

ಈಗ ಕಂಪನಿಯ ಕಡೆಗೆ ಬರೋಣ. ನಿಶ್ಚಿತಾರ್ಥವಾದ ಎರಡು ತಿಂಗಳಿಗೆ ಕಾರಿನ ಹಿಂಬದಿಯ ಬಾಗಿಲಿನ ಗಾಜು ಏರಿಸುವ ಮೋಟರು ಕೆಟ್ಟಿತು. ಕಾರನ್ನು 2023ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು, ವಿಸ್ತರಿಸಿದ ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರಿನವರು ಮೋಟರನ್ನು ನೋಡುವ ಮೊದಲು ಮೀಟರಿನ ಬಣ್ಣವನ್ನು ನೋಡಿದರು. ಬಿಚ್ಚಿದರು, ಹಿಂಬದಿಯ ಮುಚ್ಚಳದ ಮೇಲಿದ್ದ ಮೊಹರಿನ ಚೀಟಿ ಹರಿದದ್ದನ್ನು ಫೋಟೋ ತೆಗೆದುಕೊಂಡರು. ವೈರಿಂಗ್ ಬದಲಾಯಿಸಲಾಗಿದೆ, ವಾರಂಟಿ ರದ್ದು ಎಂದು ಬರೆದುಕೊಟ್ಟರು. "ಮಾಮೂ, ವೈರು ಒಂದನ್ನೂ ಕತ್ತರಿಸಿಲ್ಲ, ಬೋರ್ಡಿನ ಮೇಲಿನ ಎಲ್‌ಇಡಿ ಮಾತ್ರ" ಎಂದು ಹುಡುಗ ಅಲವತ್ತುಕೊಂಡ. ಮುಂದಿನ ಮೀಟರಿಗೂ ಹಿಂದಿನ ಬಾಗಿಲಿನ ಮೋಟರಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಟೈ ಕಟ್ಟಿದವರು ಮುಗುಳ್ನಕ್ಕರು. ಆ ಮುಗುಳ್ನಗೆ ನಮಗೆ ಪರಿಚಿತವಾದದ್ದೇ. ಸುದ್ದಿ ತಿಳಿದ ನಮ್ಮ ಹಿರಿಯರು, "ನಾನು ಆವತ್ತೇ ಹೇಳಲಿಲ್ಲವೇ?" ಎಂದರು.

ಈ ದೇಶದಲ್ಲಿ ಇದರ ಬಗ್ಗೆ ಒಂದು ತೀರ್ಪು ಬಂದಿದೆ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಹುಡುಕುವತನಕ ನಮಗೂ ಗೊತ್ತಿರಲಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದ ಹಾಗೆ ಮಾಡಿದ್ದೇ ಅವುಗಳ ಮೇಲಿನ ಆರೋಪ. ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದು ಆ ಆದೇಶದ ಒಂದು ಭಾಗ. ಕಂಪನಿಗಳು ಸುಮ್ಮನಿರಲಿಲ್ಲ, ಮೇಲ್ಮನವಿ ಹೋದವು, ವರ್ಷಗಟ್ಟಲೆ ವಾದ ನಡೆಯಿತು. ಆದರೆ ಆ ಮಾತಿನಲ್ಲಿರುವ ಸಾಮಾನ್ಯ ನ್ಯಾಯ ಯಾರಿಗೆ ಅರ್ಥವಾಗುವುದಿಲ್ಲ? ಮೀಟರ್ ಬಿಚ್ಚಿದವನಿಗೆ ಮೀಟರಿನ ವಾರಂಟಿ ಇಲ್ಲವೆನ್ನಿ, ಒಪ್ಪುತ್ತೇವೆ. ಬಾಗಿಲಿನ ಮೋಟರು ಯಾವ ಪಾಪ ಮಾಡಿತು?

ಕಾರಿನ ರೂಪ ಬದಲಾಯಿಸುವುದೇ ಅಪರಾಧವಲ್ಲವೇ ಎಂದು ಕೇಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುವುದು, ಕಂಪನಿ ಮೂಲದಲ್ಲಿ ನಿಗದಿಮಾಡಿದ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂಥ ಮಾರ್ಪಾಡನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಅದನ್ನೇ. ಮೀಟರಿನ ಹಿಂದೆ ಉರಿಯುವ ದೀಪದ ಬಣ್ಣವನ್ನು ಯಾವ ಆರ್.ಟಿ.ಓ. ಕಚೇರಿ ನೋಂದಣಿ ಪತ್ರದಲ್ಲಿ ಬರೆದಿದೆ?

ಮೀಟರ್ ಬಿಚ್ಚಲು ಬಿಟ್ಟರೆ ಓಡಿದ ಕಿಲೋಮೀಟರುಗಳನ್ನು ತಿದ್ದುತ್ತಾರೆ ಎಂಬುದು ಕಂಪನಿಯ ಕಡೆಯವರ ಇನ್ನೊಂದು ವಾದ. ತಿದ್ದುವವರಿದ್ದಾರೆ, ಹಳೆಯ ಕಾರಿನ ವ್ಯಾಪಾರದಲ್ಲಿ ಆ ಮೋಸ ನಡೆಯುತ್ತದೆ. ಆದರೆ ಈಗ ಅದಕ್ಕೆ ಮೀಟರನ್ನು ಬಿಚ್ಚಲೇಬೇಕೆಂದಿಲ್ಲ. ಎಷ್ಟೋ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಒಂದು ಯಂತ್ರ ಸಿಕ್ಕಿಸಿ ಅಂಕಿಗಳನ್ನು ಇಳಿಸುತ್ತಾರೆ, ಮೊಹರು ಮೊಹರಾಗಿಯೇ ಇರುತ್ತದೆ. ಮೋಸಗಾರನನ್ನು ತಡೆಯಲಾರದ ಮೊಹರು ಕಲಿಯುವ ಹುಡುಗನನ್ನು ಮಾತ್ರ ತಡೆಯುತ್ತದೆ.

ಇಷ್ಟೆಲ್ಲ ಹೇಳುವವರು ಪೇಟೆಯ ಬಡಾಯಿಯ ಕೆಲಸಗಳನ್ನೂ ಸಮರ್ಥಿಸುತ್ತೀರಾ? ಇಲ್ಲ. ಹುಡುಗನ ಗೆಳೆಯರ ಕಾರುಗಳಲ್ಲಿ ಕೂತು ನೋಡಿದ್ದೇವೆ. ಕೆಲವರ ಒಳಗೆ ಕೂತರೆ ಮೀನಂಗಡಿಯ ಗಾಜಿನ ತೊಟ್ಟಿಯಲ್ಲಿ ಕೂತಂತೆ, ಎಲ್ಲವೂ ನೀಲಿ. ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡಿದ್ದಾಗ ಪ್ರಖರವಾದ ನೀಲಿ ಬೆಳಕು ಆ ಹೊಂದಾಣಿಕೆಯನ್ನು ಕೆಡಿಸುತ್ತದೆ. ಕೆಲವು ಕಂಪನಿಗಳು ಕೆಂಪು, ಕಿತ್ತಳೆಯನ್ನು ಬಳಸುತ್ತಾ ಬಂದದ್ದು ಬರೀ ಅಂದಕ್ಕಲ್ಲ. ಅದಕ್ಕಿಂತ ದೊಡ್ಡ ಅಪಾಯ ಎಚ್ಚರಿಕೆಯ ದೀಪಗಳದ್ದು. ಬ್ರೇಕಿನದು ಕೆಂಪು, ಎಂಜಿನ್ನಿನದು ಹಳದಿ, ಹೈ ಬೀಮಿನದು ನೀಲಿ. ಇದು ಲೋಕವೆಲ್ಲ ಒಪ್ಪಿಕೊಂಡ ಭಾಷೆ. ಮೀಟರೆಲ್ಲ ನೀಲಿಯಾದರೆ ಹೈ ಬೀಮ್ ಹತ್ತಿದ್ದು ಓಡಿಸುವವನಿಗೆ ಕಾಣುವುದಿಲ್ಲ, ಎದುರಿನ ದ್ವಿಚಕ್ರದವನ ಕಣ್ಣು ಕುರುಡಾಗುತ್ತದೆ. ನಮ್ಮ ಹುಡುಗ ಎಚ್ಚರಿಕೆಯ ದೀಪಗಳನ್ನು ಒಂದನ್ನೂ ಮುಟ್ಟಿರಲಿಲ್ಲ, ಆದ್ದರಿಂದಲೇ ಕ್ಯಾತ್ಸಂದ್ರದಲ್ಲಿ ಅದು ಸರಿಯಾಗಿ ಉರಿಯುತ್ತಿತ್ತು. ಇನ್ನು ಕೆಲವರು ಫ್ಯೂಸೇ ಇಲ್ಲದೆ ಸಿಕ್ಕಸಿಕ್ಕ ವೈರಿನ ಸಿಪ್ಪೆ ಸುಲಿದು ಟೇಪು ಸುತ್ತಿ ಎಲ್‌ಇಡಿ ಪಟ್ಟಿ ಅಂಟಿಸುತ್ತಾರೆ. ಅದು ಕಾರಿಗೆ ಬೆಂಕಿ ಇಡುವ ಕೆಲಸ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಬ್ಯಾಟರಿಯ ತಂತಿ ಕಳಚದೆ, ಕೆಲವು ನಿಮಿಷ ಕಾಯದೆ ಸ್ಟಿಯರಿಂಗಿನ ಸುತ್ತ ಕೈ ಹಾಕುವುದು ಮೂರ್ಖತನ. ಇವನ್ನೆಲ್ಲ ಯಾರು ಹೇಳಿಕೊಡಬೇಕಿತ್ತು? ಗ್ಯಾರೇಜಿನ ಉಸ್ತಾದ್ ತನ್ನ ಹುಡುಗರಿಗೆ ಹೇಳುತ್ತಾನೆ. ಮಿಕ್ಕವರಿಗೆ ನಾವು ಹೇಳಿಕೊಟ್ಟದ್ದು ಆ ಕೆಲಸ ಕೀಳು ಎಂಬುದನ್ನು ಮಾತ್ರ. ಕದ್ದು ಕಲಿತದ್ದು ಅರ್ಧವೇ ಆಗುತ್ತದೆ.

ನೀಲಿಯ ಮಾತು ಬಂತು. ಆ ನೀಲಿ ಬೆಳಕನ್ನು ತಂದವರಲ್ಲಿ ಒಬ್ಬ ಶುಜಿ ನಕಮುರ, ಜಪಾನಿನ ತೊಕುಶಿಮಾದ ನಿಚಿಯಾ ಕಂಪನಿಯ ನೌಕರ, ಆಗ ಡಾಕ್ಟರೇಟೂ ಇಲ್ಲದವನು. ಸ್ಫಟಿಕದ ಕೊಳವೆಗಳನ್ನು ತಾನೇ ಬೆಸೆಯುತ್ತಿದ್ದ, ಕೊಂಡು ತಂದ ಯಂತ್ರವನ್ನು ಬಿಚ್ಚಿ ತನಗೆ ಬೇಕಾದಂತೆ ಮತ್ತೆ ಮತ್ತೆ ಬದಲಾಯಿಸುತ್ತಿದ್ದ. 1993ರಲ್ಲಿ ಪ್ರಕಾಶಮಾನವಾದ ನೀಲಿ ಎಲ್‌ಇಡಿ ಹೊರಬಂತು, 2014ರಲ್ಲಿ ಅಕಸಾಕಿ ಮತ್ತು ಅಮಾನೊ ಅವರೊಡನೆ ನೊಬೆಲ್ ಬಂತು. ನಮ್ಮ ಹುಡುಗ ಹಾಕಿದ ಬಿಳಿ ಎಲ್‌ಇಡಿ ಕೂಡ ಒಳಗೆ ನೀಲಿಯೇ, ಮೇಲೆ ಹಳದಿ ಫಾಸ್ಫರ್‌ನ ಲೇಪ. ಕಂಪನಿ ನಕಮುರನಿಗೆ ಮೊದಲು ಕೊಟ್ಟ ಬಹುಮಾನ 20,000 ಯೆನ್! ಆತ ಕೋರ್ಟಿಗೆ ಹೋದ, 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. ಕೊಂಡ ಯಂತ್ರದ ಮೊಹರನ್ನು ಮುಟ್ಟಬಾರದೆಂದು ಆತನೂ ಸುಮ್ಮನಿದ್ದಿದ್ದರೆ ಈ ಬೆಳಕೇ ಇರುತ್ತಿರಲಿಲ್ಲ.

ಇವತ್ತು ಅವೇ ಕಾರು ಕಂಪನಿಗಳು ಮೇಲ್ದರ್ಜೆಯ ಮಾದರಿಗಳಲ್ಲಿ 64 ಬಣ್ಣದ ಒಳಬೆಳಕು ಎಂದು ಜಾಹೀರಾತು ಹಾಕುತ್ತವೆ. ಲಕ್ಷಗಟ್ಟಲೆ ಹೆಚ್ಚು ಕೊಟ್ಟವರಿಗೆ ಅದು ಐಷಾರಾಮ. ಕೆಲವು ನೂರು ರೂಪಾಯಿಯಲ್ಲಿ ಹುಡುಗ ಮಾಡಿದರೆ ಅದು ವಿರೂಪ. ಮುಳ್ಳಿನ ಮೀಟರುಗಳೂ ಹೋಗುತ್ತಿವೆ, ಅವುಗಳ ಜಾಗಕ್ಕೆ ಟಿ.ವಿ.ಯಂಥ ಪರದೆ ಬರುತ್ತಿದೆ. ಅಲ್ಲಿ ಬಣ್ಣವಿರುವುದು ತಂತ್ರಾಂಶದಲ್ಲಿ, ಅದರ ಬೀಗದ ಕೈ ಕಂಪನಿಯ ಹತ್ತಿರ. ಸೋಲ್ಡರಿಂಗ್ ಐರನ್ನಿಗೆ ಸಿಗುವ ಕೊನೆಯ ತಲೆಮಾರಿನ ಕಾರುಗಳು ಈಗ ಎರಡನೆಯ, ಮೂರನೆಯ ಕೈಯಲ್ಲಿ ಓಡುತ್ತಿರುವ ಇವೇ ಇರಬಹುದು. ಇವು ಗುಜರಿ ಸೇರುವ ಮೊದಲು ಎಷ್ಟು ಹುಡುಗರು, ಹುಡುಗಿಯರೂ, ಒಳಗೇನಿದೆ ಎಂದು ಬಿಚ್ಚಿ ನೋಡಿದರೋ ಅಷ್ಟು ಲಾಭ. ಸರ್ಕಾರ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಜಾಲತಾಣ ಕಾಯ್ದೆಯಲ್ಲ, ಅದರಿಂದ ಕಂಪನಿಗಳ ನಿದ್ದೆ ಕೆಟ್ಟ ಹಾಗೆ ಕಾಣುವುದಿಲ್ಲ.

ಸರ್ಕಾರದ ಮಾತು ಹಾಗಿರಲಿ, ಊರೂರಿಗೆ ಶಾದಿಮಹಲ್ ಕಟ್ಟಿಕೊಂಡ ನಾವು ಅದರ ಹಿಂದಿನ ಒಂದು ಕೋಣೆಯಲ್ಲಿ ಮೇಜು ಹಾಕಿ, ನಾಲ್ಕು ಐರನ್, ಎರಡು ಮಲ್ಟಿಮೀಟರ್, ಗುಜರಿಯ ಹತ್ತು ಮೀಟರುಗಳನ್ನು ಇಡಲಾರೆವೇ? ಒಂದು ಮದುವೆಯ ಬಿರಿಯಾನಿಯ ಖರ್ಚಿಗಿಂತ ಅದು ಕಡಿಮೆ. ಕಲಿಸುವುದಕ್ಕೆ ಗ್ಯಾರೇಜಿನ ಉಸ್ತಾದರನ್ನು ಕರೆಯೋಣ, ಮದ್ರಸದ ಉಸ್ತಾದರಿಗೆ ಕೊಡುವ ಕುರ್ಚಿಯನ್ನೇ ಕೊಡೋಣ. ಕಿಟಕಿ ತೆರೆದಿರಲಿ, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯಲು ಸೋಪಿರಲಿ. ಈ ಮಾತನ್ನು ಕಮಿಟಿಯ ಮುಂದೆ ಇಟ್ಟೆವು. ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಕಮಿಟಿಯ ಅಧ್ಯಕ್ಷರು ಯಾರೆಂದು ಓದುಗರು ಊಹಿಸಿರಬಹುದು, ಅಂದು ಪಂಕ್ಚರ್ ಅಂಗಡಿಯ ಮಾತು ಆಡಿದ ಅದೇ ಹಿರಿಯರು.

ಕಂಪನಿಗೆ 2014ರ ಆದೇಶವನ್ನು ಉಲ್ಲೇಖಿಸಿ ಹುಡುಗನ ಹೆಸರಿನಲ್ಲಿ ಒಂದು ಪತ್ರ ಬರೆದೆವು. ಕನ್ನಡದಲ್ಲಿ ಬರೆದದ್ದು ನಾವು, ಇಂಗ್ಲಿಷಿಗೆ ಮಾಡಿದವನು ಹುಡುಗ, ಬೋರ್ಡಿನ ನಕ್ಷೆ ಬರೆದು ಯಾವ ಎಲ್‌ಇಡಿ ಬದಲಾಗಿದೆ, ಯಾವ ವೈರು ಮುಟ್ಟಿಲ್ಲ ಎಂದು ಗುರುತು ಹಾಕಿದವನೂ ಅವನೇ. ರಿಜಿಸ್ಟರ್ ಮಾಡಿ ಕಳಿಸಿ ಏಳು ವಾರವಾಯಿತು. ಉತ್ತರ ಬಂದಿಲ್ಲ. ಹಿಂಬದಿಯ ಗಾಜನ್ನು ಸದ್ಯಕ್ಕೆ ಕೈಯಿಂದ ಎತ್ತಿ ಮರದ ಚಕ್ಕೆ ಸಿಕ್ಕಿಸಿ ನಿಲ್ಲಿಸಿದ್ದಾನೆ. ಇನ್ನೊಂದು ವಾರ ಕಾದು ಆ ಮೋಟರನ್ನೂ ಬಿಚ್ಚುತ್ತೇನೆ ಎನ್ನುತ್ತಿದ್ದಾನೆ.